ಅಂಜುದೀವದ ಗುಂಡು ಮತ್ತು ಯುದ್ಧದ ಬಾಕಿ ಲೆಕ್ಕ

ಕಾರವಾರದ ಬಿಣಗಾ ತೀರದ ಎದುರಿಗೆ, ಕಣ್ಣಳತೆಯ ದೂರದಲ್ಲಿ, ಅಂಜುದೀವ ಎಂಬ ಪುಟ್ಟ ನಡುಗಡ್ಡೆಯಿದೆ. ಅದರ ಉದ್ದ ಸುಮಾರು ಒಂದೂವರೆ ಕಿಲೋಮೀಟರ್. ಅದು ಕಾಣುವುದು ಕರ್ನಾಟಕದ ದಂಡೆಯಿಂದ, ಸೇರಿರುವುದು ಮಾತ್ರ ಗೋವಾಕ್ಕೆ. ಇಂದು ಅದು ನೌಕಾನೆಲೆಯ ಭಾಗ. ಅಲೆತಡೆ ಗೋಡೆಯೊಂದು ಅದನ್ನು ಭೂಭಾಗಕ್ಕೆ ಬೆಸೆದಿದೆ, ಸಾಮಾನ್ಯರಿಗೆ ಅಲ್ಲಿಗೆ ಪ್ರವೇಶವಿಲ್ಲ. ವಾಸ್ಕೋ ಡ ಗಾಮಾ 1498ರಲ್ಲಿ ಇಲ್ಲಿ ಲಂಗರು ಹಾಕಿದ್ದನ್ನೂ, 1505ರಲ್ಲಿ ಪೋರ್ಚುಗೀಸರು ಇಲ್ಲಿ ಕೋಟೆ ಕಟ್ಟಿದ್ದನ್ನೂ ಚರಿತ್ರೆಯ ಪುಸ್ತಕಗಳು ಮರೆಯದೆ ಹೇಳುತ್ತವೆ. ಆದರೆ 1961ರ ನವೆಂಬರ್ ತಿಂಗಳಲ್ಲಿ ಈ ದ್ವೀಪದಿಂದ ಹಾರಿದ ಕೆಲವು ಗುಂಡುಗಳ ಪ್ರಸ್ತಾಪ ಬಂದಾಗ ಅವು ಒಂದೆರಡು ಸಾಲಿನಲ್ಲಿ ಮಾತು ಮುಗಿಸಿಬಿಡುತ್ತವೆ. ಆ ಒಂದೆರಡು ಸಾಲಿನಲ್ಲಿಯೇ ಇಡೀ ಜಗತ್ತು ಇಂದು ತಲೆ ಕೆಡಿಸಿಕೊಂಡಿರುವ ಪ್ರಶ್ನೆಯೊಂದು ಅಡಗಿದೆ: ಒಂದು ರಾಷ್ಟ್ರದ ಬಂದೂಕು ಮತ್ತೊಂದು ರಾಷ್ಟ್ರದ ಪ್ರಜೆಯನ್ನು ಕೊಂದಾಗ ಅದಕ್ಕೆ ಉತ್ತರ ಹೇಳಬೇಕಾದವರು ಯಾರು? ಪರಿಹಾರ ತೆರಬೇಕಾದವರು ಯಾರು? ಅದು ತಲುಪಬೇಕಾದದ್ದು ಯಾರ ಕೈಗೆ?

ಘಟನೆಗಳು ಸರಳವಾಗಿವೆ. ಕಾರವಾರದ ಬಳಿ ಸಾಗುತ್ತಿದ್ದ ‘ಸಾಬರಮತಿ’ ಎಂಬ ಪ್ರಯಾಣಿಕರ ಹಡಗಿನ ಮೇಲೆ ಅಂಜುದೀವದ ಪೋರ್ಚುಗೀಸ್ ಕಾವಲು ಪಡೆ ಗುಂಡು ಹಾರಿಸಿತು. ಹಡಗಿನ ಮುಖ್ಯ ಎಂಜಿನಿಯರ್ ಗಾಯಗೊಂಡರು. ಅದೇ ತಿಂಗಳಲ್ಲಿ ಮೀನುಗಾರರ ದೋಣಿಯೊಂದರ ಮೇಲೂ ಗುಂಡು ಹಾರಿತು. ಒಬ್ಬ ಮೀನುಗಾರ ಸತ್ತ. ದೆಹಲಿಯಲ್ಲಿ ಗೋವಾ ಕುರಿತು ನಡೆಯುತ್ತಿದ್ದ ಚರ್ಚೆಯ ದಿಕ್ಕನ್ನು ಈ ಗುಂಡುಗಳು ಬದಲಿಸಿದವು. ಡಿಸೆಂಬರ್ 18ರಂದು ‘ಆಪರೇಷನ್ ವಿಜಯ್’ ಆರಂಭವಾಯಿತು. ಅಂಜುದೀವವನ್ನು ವಶಪಡಿಸಿಕೊಳ್ಳುವ ಹೊಣೆ ‘ತ್ರಿಶೂಲ್’ ಮತ್ತು ‘ಮೈಸೂರು’ ಎಂಬ ಎರಡು ಯುದ್ಧನೌಕೆಗಳ ಮೇಲೆ ಬಿತ್ತು. ನೌಕಾಪಡೆಯ ದಾಖಲೆಯ ಪ್ರಕಾರ, ದ್ವೀಪದಲ್ಲಿ ಬಿಳಿ ಬಾವುಟ ಕಾಣಿಸಿಕೊಂಡಿತು. ಅದನ್ನು ನಂಬಿ ದಡದತ್ತ ಹೊರಟ ನಾವಿಕರ ಮೇಲೆ ಗುಂಡಿನ ಮಳೆ ಸುರಿಯಿತು. ಏಳು ಮಂದಿ ನಾವಿಕರು ಪ್ರಾಣ ತೆತ್ತರು. ಅವರ ಸ್ಮಾರಕ ಇಂದಿಗೂ ಅದೇ ದ್ವೀಪದಲ್ಲಿದೆ. ಮರುದಿನ, ಡಿಸೆಂಬರ್ 19ರಂದು, ಗೋವಾದ ಪೋರ್ಚುಗೀಸ್ ಗವರ್ನರ್ ಜನರಲ್ ವಸ್ಸಾಲೊ ಇ ಸಿಲ್ವ ಶರಣಾದರು.

ಈ ಕರಾವಳಿಯಲ್ಲಿ ಬೆಳೆದು ಕಾನೂನು ಓದಿದ ನನಗೆ ಈ ಕಥೆಯಲ್ಲಿ ಮೂರು ಬೇರೆ ಬೇರೆ ಅಪರಾಧಗಳು ಕಾಣುತ್ತವೆ. ನಾವು ಅವುಗಳನ್ನು ಒಂದರೊಳಗೊಂದು ಬೆರೆಸಿ ಮಾತನಾಡುವುದರಿಂದಲೇ ನ್ಯಾಯದ ಲೆಕ್ಕ ತಪ್ಪಿಹೋಗುತ್ತದೆ. ಮೊದಲನೆಯದು, ಯುದ್ಧಕ್ಕೆ ಮುನ್ನ ನಿರಾಯುಧರ ಮೇಲೆ ಹಾರಿದ ಗುಂಡು. ಎರಡನೆಯದು, ಬಿಳಿ ಬಾವುಟದ ಹೆಸರಿನಲ್ಲಿ ನಡೆಯಿತೆನ್ನಲಾದ ವಂಚನೆ. 1907ರ ಹೇಗ್ ನಿಯಮಾವಳಿಯ 23ನೆಯ ವಿಧಿ ಸಂಧಾನದ ಬಾವುಟದ ದುರ್ಬಳಕೆಯನ್ನು ಸ್ಪಷ್ಟವಾಗಿ ನಿಷೇಧಿಸಿದೆ. ಮೂರನೆಯದು, ಇಡೀ ಯುದ್ಧಕ್ಕೇ ಸಂಬಂಧಿಸಿದ ದೊಡ್ಡ ಪ್ರಶ್ನೆ: ಇಲ್ಲಿ ಆಕ್ರಮಣಕಾರ ಯಾರು?

ಮೂರನೆಯ ಪ್ರಶ್ನೆಗೆ ಅಂದು ಜಗತ್ತು ಒಂದೇ ದನಿಯಲ್ಲಿ ಉತ್ತರ ಹೇಳಲಿಲ್ಲ ಎಂಬುದನ್ನು ಪ್ರಾಮಾಣಿಕವಾಗಿ ಒಪ್ಪಿಕೊಳ್ಳಬೇಕು. ನಮಗೆ ಅದು ವಿಮೋಚನೆ. ಲಿಸ್ಬನ್ನಿಗೆ ಅದು ಆಕ್ರಮಣ. ಡಿಸೆಂಬರ್ 18ರಂದೇ ಭದ್ರತಾ ಮಂಡಳಿಯ ಮುಂದೆ ಅಮೆರಿಕ, ಬ್ರಿಟನ್, ಫ್ರಾನ್ಸ್ ಮತ್ತು ಟರ್ಕಿ ದೇಶಗಳು ಭಾರತ ಕದನ ನಿಲ್ಲಿಸಿ ಸೇನೆಯನ್ನು ಹಿಂದಕ್ಕೆ ಕರೆಸಿಕೊಳ್ಳಬೇಕೆಂಬ ನಿರ್ಣಯವನ್ನು ಮಂಡಿಸಿದವು. ಪರವಾಗಿ ಬಂದ ಮತಗಳು 7, ವಿರುದ್ಧ 4. ಸೋವಿಯತ್ ಒಕ್ಕೂಟದ ವಿಟೋ ಇಲ್ಲದೇ ಹೋಗಿದ್ದರೆ ಆ ನಿರ್ಣಯ ಅಂಗೀಕಾರವಾಗುತ್ತಿತ್ತು. ಅದಕ್ಕೆ ಒಂದು ವರ್ಷ ಹಿಂದೆ, 1960ರ ಡಿಸೆಂಬರ್ 14ರಂದು, ವಿಶ್ವಸಂಸ್ಥೆಯ ಮಹಾಸಭೆ ವಸಾಹತುಶಾಹಿಯನ್ನು ಕೊನೆಗಾಣಿಸಬೇಕೆಂದು ಘೋಷಿಸಿತ್ತು. ಮರುದಿನವೇ ಗೋವಾ ಪೋರ್ಚುಗಲ್ಲಿನ ಪ್ರಾಂತ್ಯವಲ್ಲ, ಸ್ವಯಮಾಡಳಿತವಿಲ್ಲದ ಪ್ರದೇಶ ಎಂದು ಹೆಸರಿಸಿತ್ತು. ಭಾರತದ ನೈತಿಕ ಬಲ ನಿಂತಿದ್ದುದು ಈ ನೆಲೆಗಟ್ಟಿನ ಮೇಲೆ. ವಸಾಹತುಶಾಹಿಯೇ ನಿರಂತರ ಆಕ್ರಮಣ ಎಂಬ ವಾದ ನನಗೆ ಇಂದಿಗೂ ಸರಿಯೆನಿಸುತ್ತದೆ. ಆದರೆ ವಾದ ಸರಿಯಿದ್ದ ಮಾತ್ರಕ್ಕೆ ವಿಟೋದ ಆಸರೆಯಲ್ಲಿ ಪಾರಾದದ್ದನ್ನು ನ್ಯಾಯದ ತೀರ್ಪೆಂದು ಕರೆಯಲಾಗದು. ಇಂದು ಬೇರೆ ದೇಶಗಳು ಅದೇ ವಿಟೋದ ಮರೆಯಲ್ಲಿ ಅಡಗಿದಾಗ ನಮಗೆ ಸಿಟ್ಟು ಬರುತ್ತದೆಯಷ್ಟೆ.

ಅದಕ್ಕೂ ಮುನ್ನ ಭಾರತ ಮತ್ತು ಪೋರ್ಚುಗಲ್ ಹೇಗ್ ನಗರದ ಅಂತರರಾಷ್ಟ್ರೀಯ ನ್ಯಾಯಾಲಯದಲ್ಲಿ ಮುಖಾಮುಖಿಯಾಗಿದ್ದವು ಎಂಬುದೂ ನೆನಪಿನಲ್ಲಿರಬೇಕು. ದಾದ್ರಾ ಮತ್ತು ನಗರಹವೇಲಿಗೆ ಹೋಗುವ ದಾರಿಯ ಹಕ್ಕಿಗಾಗಿ ಪೋರ್ಚುಗಲ್ 1955ರಲ್ಲಿ ಹೂಡಿದ ದಾವೆ ಅದು. ಎಂ.ಸಿ. ಸೆಟಲ್ವಾಡ್ ಭಾರತದ ಪರ ವಾದಿಸಿದರು, ಎಂ.ಸಿ. ಚಾಗ್ಲಾ ಆ ಪ್ರಕರಣದ ಮಟ್ಟಿಗೆ ನ್ಯಾಯಾಧೀಶರಾಗಿ ಕುಳಿತಿದ್ದರು. 1960ರ ಏಪ್ರಿಲ್ 12ರ ತೀರ್ಪು ನಾಗರಿಕರಿಗೆ, ಅಧಿಕಾರಿಗಳಿಗೆ ಮತ್ತು ಸಾಮಾನ್ಯ ಸರಕಿಗೆ ದಾರಿಯ ಹಕ್ಕಿತ್ತು, ಸೈನಿಕರಿಗೂ ಶಸ್ತ್ರಾಸ್ತ್ರಗಳಿಗೂ ಇರಲಿಲ್ಲ, ಭಾರತ ತನ್ನ ಕರ್ತವ್ಯವನ್ನು ಮೀರಿಲ್ಲ ಎಂದು ಹೇಳಿತು. ಅಂದರೆ ಎರಡೂ ದೇಶಗಳಿಗೆ ನ್ಯಾಯಾಲಯದ ಬಾಗಿಲು ಗೊತ್ತಿತ್ತು. ದಾರಿಯ ಹಕ್ಕಿಗಾಗಿ ತಟ್ಟಿದ ಆ ಬಾಗಿಲನ್ನು ಸತ್ತ ಮೀನುಗಾರನ ಪರವಾಗಿ ತಟ್ಟುವ ಯೋಚನೆ ಯಾರಿಗೂ ಬರಲಿಲ್ಲ.

‘ಆಕ್ರಮಣ’ ಎಂದರೇನು ಎಂಬುದಕ್ಕೆ ಅಂದು ಒಪ್ಪಿತವಾದ ವ್ಯಾಖ್ಯೆಯೇ ಇರಲಿಲ್ಲ. ನ್ಯೂರೆಂಬರ್ಗ್ ನ್ಯಾಯಮಂಡಳಿ ಆಕ್ರಮಣಕಾರಿ ಯುದ್ಧವನ್ನು ಪರಮ ಅಪರಾಧವೆಂದು ಸಾರಿತ್ತು, ನಿಜ. ಆದರೆ ಟೋಕಿಯೊ ವಿಚಾರಣೆಯಲ್ಲಿ ಭಾರತದ ನ್ಯಾಯಮೂರ್ತಿ ರಾಧಾಬಿನೋದ್ ಪಾಲ್ 1948ರಲ್ಲಿ ಬರೆದ ಭಿನ್ನ ತೀರ್ಪು ಎಲ್ಲ ಆರೋಪಿಗಳನ್ನೂ ನಿರ್ದೋಷಿಗಳೆಂದಿತು. ಕೃತ್ಯ ನಡೆದಾಗ ಇಲ್ಲದ ಕಾನೂನನ್ನು ಗೆದ್ದವರು ಸೋತವರ ಮೇಲೆ ಹೇರುವುದು ನ್ಯಾಯವಲ್ಲ ಎಂಬುದು ಅವರ ನಿಲುವು. ಜಪಾನಿ ಸೇನೆಯ ಕ್ರೌರ್ಯವನ್ನು ಅವರು ಅಲ್ಲಗಳೆಯಲಿಲ್ಲ. ಆದರೆ ವಸಾಹತುಗಳನ್ನು ಆಳುತ್ತಿದ್ದವರೇ ನ್ಯಾಯಪೀಠದ ಮೇಲೆ ಕುಳಿತು ಆಕ್ರಮಣದ ಮಾತಾಡುವುದರಲ್ಲಿನ ವಿಪರ್ಯಾಸವನ್ನು ಎತ್ತಿ ತೋರಿದರು. ಕೊನೆಗೂ ವ್ಯಾಖ್ಯೆಯೊಂದು ಬಂದದ್ದು 1974ರ ಡಿಸೆಂಬರ್ 14ರಂದು, ಮಹಾಸಭೆಯ 3314ನೆಯ ನಿರ್ಣಯದಲ್ಲಿ. ಮೊದಲು ಬಲಪ್ರಯೋಗ ಮಾಡಿದವನೇ ಮೇಲ್ನೋಟಕ್ಕೆ ಆಕ್ರಮಣಕಾರ ಎಂದು ಅದು ಹೇಳುತ್ತದೆ. ಆದರೆ ಕೃತ್ಯ ಸಾಕಷ್ಟು ಗಂಭೀರವಾಗಿರಬೇಕು ಎಂಬ ಷರತ್ತನ್ನೂ ಇಡುತ್ತದೆ. ವಸಾಹತು ಆಳ್ವಿಕೆಗೆ ಒಳಗಾದ ಜನರ ಸ್ವಾತಂತ್ರ್ಯದ ಹಕ್ಕನ್ನು ಕಾಯ್ದಿರಿಸುತ್ತದೆ. ಅದಾದ ಸರಿಯಾಗಿ 17 ದಿನಗಳಿಗೆ, 1974ರ ಡಿಸೆಂಬರ್ 31ರಂದು, ಭಾರತ ಮತ್ತು ಪೋರ್ಚುಗಲ್ ಒಪ್ಪಂದಕ್ಕೆ ಸಹಿ ಹಾಕಿದವು. ಗೋವಾದ ಮೇಲೆ ಭಾರತದ ಸಾರ್ವಭೌಮತ್ವವನ್ನು ಪೋರ್ಚುಗಲ್ ಮಾನ್ಯ ಮಾಡಿತು. ಆಸ್ತಿಪಾಸ್ತಿ ಮತ್ತು ಪ್ರಜೆಗಳ ಹಕ್ಕುಸಾಧನೆಯ ಪ್ರಶ್ನೆಗಳನ್ನು ಉಭಯ ದೇಶಗಳ ಮಾತುಕತೆಗೆ ಬಿಡಲಾಯಿತು.

ಇಲ್ಲಿಯೇ ಗಮನಿಸಬೇಕಾದ ಸೂಕ್ಷ್ಮವಿದೆ. ಒಂದು ದೋಣಿಯ ಮೇಲೆ ಹಾರಿದ ಗುಂಡು ‘ಆಕ್ರಮಣ’ ಎಂಬ ದೊಡ್ಡ ಪದದ ತಕ್ಕಡಿಯಲ್ಲಿ ತೂಗುವುದಿಲ್ಲ. ಆದರೆ ಅದು ರಾಷ್ಟ್ರವೊಂದರ ತಪ್ಪು ಕೃತ್ಯ ಎಂಬುದರಲ್ಲಿ ಸಂದೇಹವಿಲ್ಲ, ಮತ್ತು ತಪ್ಪು ಕೃತ್ಯಕ್ಕೆ ಪರಿಹಾರ ತೆರಲೇಬೇಕು ಎಂಬ ನಿಯಮ ಅಂದಿಗಾಗಲೇ ಹಳೆಯದಾಗಿತ್ತು. 1928ರಲ್ಲಿಯೇ, ಖೋರ್ಜೋವ್ ಕಾರ್ಖಾನೆಯ ಪ್ರಕರಣದಲ್ಲಿ, ಅಂದಿನ ಅಂತರರಾಷ್ಟ್ರೀಯ ಕಾಯಂ ನ್ಯಾಯಾಲಯವು ಆ ಕೃತ್ಯ ನಡೆಯದೇ ಇದ್ದಿದ್ದರೆ ಯಾವ ಸ್ಥಿತಿ ಇರುತ್ತಿತ್ತೋ ಅದನ್ನು ಸಾಧ್ಯವಾದಷ್ಟೂ ಮರಳಿ ತರುವುದೇ ಪರಿಹಾರ ಎಂದು ಹೇಳಿತ್ತು. ಇಂದಿನ ಕಾನೂನು ಇದನ್ನು ಮೂರಾಗಿ ವಿಂಗಡಿಸುತ್ತದೆ: ಕಿತ್ತುಕೊಂಡದ್ದನ್ನು ಮರಳಿಸುವುದು, ಮರಳಿಸಲಾಗದ್ದಕ್ಕೆ ಹಣ ತೆರುವುದು, ಹಣದಿಂದ ತೀರದ್ದಕ್ಕೆ ತಪ್ಪೊಪ್ಪಿ ಕ್ಷಮೆ ಕೇಳುವುದು.

ಮರಳಿಸುವುದು ಎಂದರೇನೆಂದು ಅಂಕೋಲೆಯ ಜನಕ್ಕೆ ಹೇಗ್ ನಗರದಿಂದ ಬಂದು ಯಾರೂ ಕಲಿಸಬೇಕಾಗಿಲ್ಲ. ಕರ್ನಾಟಕದ ಬಾರ್ಡೋಲಿ ಎಂದು ಹೆಸರಾದ ತಾಲ್ಲೂಕು ಅದು. 1930ರ ಉಪ್ಪಿನ ಸತ್ಯಾಗ್ರಹದ ಹಿಂದೆಯೇ ಬಂದ ಕರನಿರಾಕರಣೆಯ ಚಳವಳಿಯಲ್ಲಿ ಅಂಕೋಲೆ ಮತ್ತು ಸಿದ್ದಾಪುರದ ರೈತರು ಕಂದಾಯ ಕಟ್ಟಲು ನಿರಾಕರಿಸಿದರು. ಸರ್ಕಾರ ಭೂಮಿಯನ್ನು ಮುಟ್ಟುಗೋಲು ಹಾಕಿಕೊಂಡಿತು, ಪಾತ್ರೆಪಗಡೆ ಜಪ್ತಿ ಮಾಡಿತು, ಜಮೀನನ್ನು ಹರಾಜಿಗಿಟ್ಟಿತು. ನೆರೆಯ ಸಿದ್ದಾಪುರದ ಮಾವಿನಗುಂಡಿಯಲ್ಲಿ ಹೆಣ್ಣುಮಕ್ಕಳು ಹರಾಜು ಹಿಡಿದವರ ಮನೆಯ ಮುಂದೆ ಉಪವಾಸ ಕುಳಿತರು. ಉತ್ತರ ಕನ್ನಡ ಅಂದು ಮುಂಬಯಿ ಪ್ರಾಂತ್ಯದಲ್ಲಿತ್ತು. 1937ರಲ್ಲಿ ಬಿ.ಜಿ. ಖೇರ್ ಅವರ ಕಾಂಗ್ರೆಸ್ ಮಂತ್ರಿಮಂಡಲ ಅಧಿಕಾರಕ್ಕೆ ಬಂದಾಗ ಮುಟ್ಟುಗೋಲಾದ ಜಮೀನುಗಳನ್ನು ಮೂಲ ಒಡೆಯರಿಗೆ ಮರಳಿಸಲು 1938ರಲ್ಲಿ ಕಾನೂನನ್ನೇ ಮಾಡಿತು. ಗಮನಿಸಬೇಕಾದ ಅಂಶವೆಂದರೆ, ತಪ್ಪು ಮಾಡಿದ್ದು ಹಿಂದಿನ ಆಡಳಿತ, ಸರಿಪಡಿಸಿದ್ದು ಮುಂದಿನ ಆಡಳಿತ. ‘ಅದು ನಮ್ಮ ಕಾಲದ್ದಲ್ಲ’ ಎಂದು ಕೈ ತೊಳೆದುಕೊಳ್ಳುವ ದಾರಿ ಆ ಮಂತ್ರಿಮಂಡಲಕ್ಕೂ ತೆರೆದೇ ಇತ್ತು. ಅದು ಹಾಗೆ ಮಾಡಲಿಲ್ಲ. ಅಧಿಕಾರ ಕೈ ಬದಲಾದರೂ ಹೊಣೆ ಮುಂದುವರಿಯುತ್ತದೆ ಎಂಬ ತತ್ವಕ್ಕೆ ನಮ್ಮ ಗಜನಿ ಗದ್ದೆಗಳ ನಾಡಿನಲ್ಲಿ ಇಷ್ಟು ಹಳೆಯ ಸಾಕ್ಷಿಯಿದೆ.

ಗೋವಾದ ವಿಷಯದಲ್ಲೂ ಮರಳಿಸಿದ ಒಂದು ಉದಾಹರಣೆಯಿದೆ. ಗೋವಾದ ಜನರು ಪೋರ್ಚುಗೀಸ್ ಬ್ಯಾಂಕಾದ ಬಾಂಕೊ ನಾಸಿಯೊನಾಲ್ ಉಲ್ಟ್ರಾಮರೀನೊದಲ್ಲಿ ಒತ್ತೆಯಿಟ್ಟಿದ್ದ ಚಿನ್ನದ ಆಭರಣಗಳನ್ನು 1961ರ ಡಿಸೆಂಬರಿನಲ್ಲಿ, ಸೋಲಿನ ಮುನ್ಸೂಚನೆ ದೊರೆತೊಡನೆ, ಲಿಸ್ಬನ್ನಿಗೆ ಸಾಗಿಸಲಾಗಿತ್ತು. ಮದುವೆಯ ಮಂಗಳಸೂತ್ರ, ತಾಯಿಯ ಬಳೆ, ಮಗಳಿಗೆಂದು ಇಟ್ಟ ಸರ ಇಂಥವುಗಳ ಬೆಲೆ ತಕ್ಕಡಿಯ ತೂಕದ್ದಷ್ಟೇ ಅಲ್ಲ. ಅವು ಮರಳಿ ಬಂದದ್ದು 1991ರಲ್ಲಿ, ಮೂವತ್ತು ವರ್ಷಗಳ ಬಳಿಕ. ಒತ್ತೆಯಿಟ್ಟವರಲ್ಲಿ ಎಷ್ಟೋ ಮಂದಿ ಅಷ್ಟರಲ್ಲಿ ಕಾಲವಾಗಿದ್ದರು. ಆದರೂ ವಸ್ತು ಮರಳಿತು. ಪಟ್ಟಿ ಇತ್ತು, ಚೀಟಿ ಇತ್ತು, ಯಾರದು ಯಾವುದೆಂಬ ದಾಖಲೆ ಇತ್ತು ಎಂಬುದೇ ಅದಕ್ಕೆ ಕಾರಣ. ಸತ್ತ ಮೀನುಗಾರನ ಜೀವಕ್ಕೆ ಅಂಥ ಚೀಟಿಯನ್ನು ಬರೆದುಕೊಟ್ಟವರು ಯಾರೂ ಇರಲಿಲ್ಲ.

ಹೊಣೆಗಾರಿಕೆ ತಲೆಕೆಳಗಾಗುವುದೂ ಉಂಟು. ಕೊನೆಯ ಮನುಷ್ಯನವರೆಗೂ ಕಾದಾಡಬೇಕೆಂದು ಸರ್ವಾಧಿಕಾರಿ ಸಾಲಾಜಾರ್ ಗೋವಾಕ್ಕೆ ಆಜ್ಞೆ ಕಳುಹಿಸಿದ್ದ. ಸೋಲು ಖಚಿತವಾದಾಗ ವಸ್ಸಾಲೊ ಇ ಸಿಲ್ವ ಶರಣಾಗಿ ಸಾವಿರಾರು ಜೀವಗಳನ್ನು ಉಳಿಸಿದರು. ಸೆರೆಯಾಳುಗಳು 1962ರಲ್ಲಿ ತಾಯ್ನಾಡಿಗೆ ಮರಳಿದರು. ಲಿಸ್ಬನ್ ಆ ಗವರ್ನರನ ಮೇಲೆ ಕ್ರಮ ಜರುಗಿಸಿ ಸೇನೆಯಿಂದ ಹೊರಹಾಕಿತು. ಸರ್ವಾಧಿಕಾರ ಉರುಳಿದ 1974ರ ಬಳಿಕವಷ್ಟೇ ಅವರಿಗೆ ಸ್ಥಾನಮಾನ ಮರಳಿತು. ಕೊಲ್ಲಿರೆಂದವನಿಗೆ ಶಿಕ್ಷೆಯಿಲ್ಲ, ಕೊಲ್ಲದೆ ಬಿಟ್ಟವನಿಗೆ ಶಿಕ್ಷೆ: ಯುದ್ಧದ ಹೊಣೆಯನ್ನು ಆಯಾ ದೇಶದ ಕೈಗೇ ಬಿಟ್ಟರೆ ಏನಾಗುತ್ತದೆ ಎಂಬುದಕ್ಕೆ ಇದಕ್ಕಿಂತ ಬೇರೆ ನಿದರ್ಶನ ಬೇಡ.

ಹಾಗಾದರೆ ಜಗತ್ತಿನ ಕೈಗೆ ಬಿಟ್ಟರೆ ಏನಾಗುತ್ತದೆ? ಇದಕ್ಕೂ ನಮ್ಮ ಕರಾವಳಿಯ ಮನೆಗಳಲ್ಲಿಯೇ ಉತ್ತರ ಸಿಗುತ್ತದೆ. 1990ರ ಆಗಸ್ಟ್ 2ರಂದು ಸದ್ದಾಂ ಹುಸೇನನ ಸೇನೆ ಕುವೈತನ್ನು ಆಕ್ರಮಿಸಿದಾಗ ಅಲ್ಲಿದ್ದ ಭಾರತೀಯರು ಒಂದೂವರೆ ಲಕ್ಷಕ್ಕೂ ಹೆಚ್ಚು. ಭಟ್ಕಳದಿಂದ ಕಾರವಾರದವರೆಗಿನ ಈ ದಂಡೆಯಿಂದ ಕೊಲ್ಲಿಗೆ ದುಡಿಯಲು ಹೋಗುವುದು ಅಂದಿಗೂ ಹೊಸತಾಗಿರಲಿಲ್ಲ. ಕೆಲಸ, ಉಳಿತಾಯ, ಸಾಮಾನು ಎಲ್ಲವನ್ನೂ ಬಿಟ್ಟು ಉಟ್ಟ ಬಟ್ಟೆಯಲ್ಲಿ ಅಮ್ಮಾನ್ ಮೂಲಕ ಊರು ಸೇರಿದವರ ಪಾಲಿಗೆ ಆಕ್ರಮಣ ಎಂಬುದು ಭಾಷಣದ ಪದವಾಗಿರಲಿಲ್ಲ. ಭದ್ರತಾ ಮಂಡಳಿ 1991ರಲ್ಲಿ ಇರಾಕನ್ನು ಹೊಣೆಗಾರನೆಂದು ಘೋಷಿಸಿ ಜಿನೀವಾದಲ್ಲಿ ಪರಿಹಾರ ಆಯೋಗವನ್ನು ಸ್ಥಾಪಿಸಿತು. ಇರಾಕಿನ ತೈಲ ಮಾರಾಟದ ಹಣದಲ್ಲಿ ಒಂದು ಪಾಲನ್ನು ಅದಕ್ಕೆ ಮೀಸಲಿಡಲಾಯಿತು. ಬಂದ ಅರ್ಜಿಗಳು ಸುಮಾರು 27 ಲಕ್ಷ. ದೊಡ್ಡ ಕಂಪನಿಗಳಿಗೂ ಸರ್ಕಾರಗಳಿಗೂ ಮೊದಲು ಸಾಮಾನ್ಯ ಮನುಷ್ಯನಿಗೆ ಹಣ ಸಲ್ಲಬೇಕು ಎಂದು ಆ ಆಯೋಗ ನಿರ್ಧರಿಸಿದ್ದು ಅಂತರರಾಷ್ಟ್ರೀಯ ಕಾನೂನಿನ ಚರಿತ್ರೆಯಲ್ಲಿಯೇ ಅಪರೂಪದ ಹೆಜ್ಜೆ. ದೇಶ ಬಿಟ್ಟು ಓಡಬೇಕಾದ ಒಬ್ಬ ದುಡಿಮೆಗಾರನಿಗೆ 2,500 ಡಾಲರ್, ಕುಟುಂಬಕ್ಕೆ 5,000 ಡಾಲರ್ ಎಂಬ ನಿಶ್ಚಿತ ಮೊತ್ತ; ಬೇರೆ ಯಾವ ಹಕ್ಕುಸಾಧನೆಯನ್ನೂ ಮಾಡದಿದ್ದರೆ ಅದಕ್ಕಿಂತ ಹೆಚ್ಚು. ವಕೀಲರು ಬೇಕಾಗಿರಲಿಲ್ಲ, ಸರ್ಕಾರದ ಮೂಲಕ ಒಂದು ಅರ್ಜಿ ತುಂಬಿದರೆ ಸಾಕಾಗಿತ್ತು. 2022ರಲ್ಲಿ ಆಯೋಗ ಬಾಗಿಲು ಮುಚ್ಚುವ ಹೊತ್ತಿಗೆ ಸುಮಾರು 15 ಲಕ್ಷ ಅರ್ಜಿದಾರರಿಗೆ 5,240 ಕೋಟಿ ಡಾಲರ್ ಸಂದಾಯವಾಗಿತ್ತು.

ಈ ಯಶಸ್ಸಿನ ಹಿಂದಿನ ಕಹಿಯನ್ನೂ ಮರೆಯಬಾರದು. ಇರಾಕಿನ ತೈಲದ ಹಣ ಹೀಗೆ ಹರಿಯುತ್ತಿದ್ದಾಗ ಇರಾಕಿನ ಮಕ್ಕಳು ದಿಗ್ಬಂಧನದಿಂದ ಔಷಧವಿಲ್ಲದೆ ನರಳುತ್ತಿದ್ದರು. ಯುದ್ಧ ಸಾರಿದವನ ಅರಮನೆಗಳು ಹಾಗೆಯೇ ಇದ್ದವು. 2003ರಲ್ಲಿ ಅಮೆರಿಕ ಮತ್ತು ಬ್ರಿಟನ್ ಭದ್ರತಾ ಮಂಡಳಿಯ ಒಪ್ಪಿಗೆಯಿಲ್ಲದೆ ಅದೇ ಇರಾಕಿನ ಮೇಲೆ ಎರಗಿದಾಗ, ನಮ್ಮ ಸಂಸತ್ತು ಆ ಏಪ್ರಿಲಿನಲ್ಲಿ ನಿಂದಾ ನಿರ್ಣಯವನ್ನು ಅಂಗೀಕರಿಸಿತು. ಆದರೆ ಜಿನೀವಾದಲ್ಲಿ ಎರಡನೆಯ ಆಯೋಗವೇನೂ ಹುಟ್ಟಲಿಲ್ಲ. ನಿಕರಾಗುವಾದ ಬಂದರುಗಳಲ್ಲಿ ಸಿಡಿಗುಂಡು ಇಟ್ಟದ್ದಕ್ಕಾಗಿ ಅಮೆರಿಕ ಪರಿಹಾರ ತೆರಬೇಕೆಂದು ಹೇಗ್ ನ್ಯಾಯಾಲಯ 1986ರಲ್ಲಿ ಹೇಳಿತ್ತು. ಅಮೆರಿಕ ಒಂದು ಕಾಸನ್ನೂ ಕೊಡಲಿಲ್ಲ. 1991ರಲ್ಲಿ ನಿಕರಾಗುವಾದ ಹೊಸ ಸರ್ಕಾರ ದಾವೆಯನ್ನೇ ಹಿಂತೆಗೆದುಕೊಂಡಿತು. ಬಡದೇಶಗಳ ನಡುವಿನ ವ್ಯಾಜ್ಯವಾದರೆ ಕಾನೂನು ಸ್ವಲ್ಪ ಚುರುಕಾಗುತ್ತದೆ. ಕಾಂಗೊದ ಮೇಲೆ ನಡೆಸಿದ ಸೇನಾ ಕಾರ್ಯಾಚರಣೆಗಾಗಿ ಉಗಾಂಡಾ 32.5 ಕೋಟಿ ಡಾಲರ್ ತೆರಬೇಕೆಂದು ಅದೇ ನ್ಯಾಯಾಲಯ 2022ರ ಫೆಬ್ರವರಿಯಲ್ಲಿ ಆದೇಶಿಸಿತು. ಕಾಂಗೊ ಕೇಳಿದ್ದು 1,100 ಕೋಟಿ ಡಾಲರಿಗೂ ಹೆಚ್ಚು. ಹೊಣೆಯ ತೀರ್ಪು 2005ರಲ್ಲಿ, ಮೊತ್ತದ ತೀರ್ಪು ಹದಿನಾರು ವರ್ಷಗಳ ಬಳಿಕ.

ಹಾಗೆಂದು ಕಾನೂನೇ ವ್ಯರ್ಥ ಎನ್ನುವುದು ಸೋಮಾರಿಯ ತೀರ್ಮಾನ. ಅರಬ್ಬೀ ಸಮುದ್ರದ ಇನ್ನೊಂದು ಘಟನೆಯನ್ನು ಅಂಜುದೀವದ ಪಕ್ಕದಲ್ಲಿಟ್ಟು ನೋಡಿ. 2012ರ ಫೆಬ್ರವರಿ 15ರಂದು ಕೇರಳದ ಕರಾವಳಿಯ ಆಚೆ ‘ಎನ್ರಿಕಾ ಲೆಕ್ಸಿ’ ಎಂಬ ತೈಲ ಹಡಗಿನಲ್ಲಿದ್ದ ಇಟಲಿಯ ನೌಕಾಯೋಧರು ‘ಸೇಂಟ್ ಆಂಟನಿ’ ಎಂಬ ಮೀನುಗಾರಿಕಾ ದೋಣಿಯ ಮೇಲೆ ಗುಂಡು ಹಾರಿಸಿ ಇಬ್ಬರು ಮೀನುಗಾರರನ್ನು ಕೊಂದರು. ಪ್ರಕರಣ ಅಂತರರಾಷ್ಟ್ರೀಯ ಪಂಚಾಯ್ತಿ ನ್ಯಾಯಮಂಡಳಿಗೆ ಹೋಯಿತು. 2020ರ ತೀರ್ಪು ಯೋಧರಿಗೆ ಭಾರತದ ನ್ಯಾಯಾಲಯಗಳಿಂದ ವಿನಾಯಿತಿ ನೀಡಿತು, ಆದರೆ ಜೀವಹಾನಿಗೂ ಮಾನಸಿಕ ವೇದನೆಗೂ ಇಟಲಿ ಪರಿಹಾರ ತೆರಬೇಕೆಂದು ಹೇಳಿತು. ಇಟಲಿ 10 ಕೋಟಿ ರೂಪಾಯಿ ಕೊಟ್ಟಿತು. 2021ರ ಜೂನ್ 15ರಂದು ಸುಪ್ರೀಂ ಕೋರ್ಟ್ ಮೃತರ ಕುಟುಂಬಗಳಿಗೆ ತಲಾ 4 ಕೋಟಿ, ದೋಣಿಯ ಮಾಲೀಕನಿಗೆ 2 ಕೋಟಿ ಎಂದು ಹಂಚಿ ಪ್ರಕರಣವನ್ನು ಮುಕ್ತಾಯಗೊಳಿಸಿತು. ಗುಂಡು ಹಾರಿಸಿದವರು ಇಲ್ಲಿ ಶಿಕ್ಷೆಗೊಳಗಾಗಲಿಲ್ಲ ಎಂಬ ಅಸಮಾಧಾನ ಉಳಿದಿದೆ, ಉಳಿಯಬೇಕಾದದ್ದೇ. ಆದರೂ ಐವತ್ತು ವರ್ಷಗಳ ಅಂತರದಲ್ಲಿ ಒಂದೇ ಕಡಲಿನ ಮೀನುಗಾರನ ಜೀವಕ್ಕೆ ಕಾನೂನಿನ ಕಣ್ಣಿನಲ್ಲಿ ಬಂದ ಬೆಲೆಯ ವ್ಯತ್ಯಾಸ ಸಣ್ಣದೇನಲ್ಲ. ಕೊಲ್ಲಂ ದಂಡೆಯ ಜನ ದನಿ ಎತ್ತಿದರು, ರಾಜ್ಯ ಪೊಲೀಸರು ಮೊಕದ್ದಮೆ ದಾಖಲಿಸಿದರು, ಸಾಕ್ಷ್ಯ ಉಳಿಯಿತು. ಆಮೇಲಿನದೆಲ್ಲವೂ ಅದರ ಫಲ.

ಇನ್ನು ಆಕ್ರಮಣದ ಅಪರಾಧಕ್ಕೆ ವ್ಯಕ್ತಿಗಳನ್ನೇ ಹೊಣೆ ಮಾಡುವ ಯತ್ನ. 1998ರ ರೋಮ್ ಶಾಸನ 2002ರಲ್ಲಿ ಜಾರಿಗೆ ಬಂದು ಅಂತರರಾಷ್ಟ್ರೀಯ ಅಪರಾಧ ನ್ಯಾಯಾಲಯ ಸ್ಥಾಪನೆಯಾಯಿತು; ಆಕ್ರಮಣದ ಅಪರಾಧ ಅದರ ವ್ಯಾಪ್ತಿಗೆ ಬಂದದ್ದು 2018ರ ಜುಲೈ 17ರಂದು. ಆದರೆ ಶಾಸನವನ್ನು ಒಪ್ಪದ ರಾಷ್ಟ್ರಗಳ ಪ್ರಜೆಗಳಿಗೆ ಅದು ತಾನಾಗಿ ಅನ್ವಯಿಸುವುದಿಲ್ಲ. ಅಮೆರಿಕ, ರಷ್ಯಾ, ಚೀನಾ ಅದರ ಸದಸ್ಯರಲ್ಲ, ಭಾರತವೂ ಅಲ್ಲ. ಭದ್ರತಾ ಮಂಡಳಿಗೆ ನೀಡಿರುವ ವಿಶೇಷಾಧಿಕಾರವೂ ಪರಮಾಣು ಅಸ್ತ್ರಗಳನ್ನು ಹೊರಗಿಟ್ಟದ್ದೂ ನಮ್ಮ ಆಕ್ಷೇಪಣೆಗಳಲ್ಲಿ ಸೇರಿದ್ದವು. ಅವು ಪೊಳ್ಳಲ್ಲ. ಆದರೆ ಆಕ್ಷೇಪಣೆಗಳನ್ನು ಹೇಳಿ ಹೊರಗೆ ನಿಂತವರ ಪಟ್ಟಿಯಲ್ಲಿ ನಮ್ಮ ಪಕ್ಕದಲ್ಲಿ ನಿಂತವರು ಯಾರು ಎಂಬುದನ್ನೂ ನೋಡಿಕೊಳ್ಳಬೇಕು. ಉಕ್ರೇನಿನ ಮೇಲಿನ ದಾಳಿಗೆ ರಷ್ಯಾ ಪರಿಹಾರ ತೆರಬೇಕೆಂಬ ನಿರ್ಣಯ 2022ರ ನವೆಂಬರ್ 14ರಂದು ಮಹಾಸಭೆಯಲ್ಲಿ 94 ಮತಗಳಿಂದ ಅಂಗೀಕಾರವಾದಾಗ ಮತ ಹಾಕದೆ ಉಳಿದ 73 ದೇಶಗಳಲ್ಲಿ ಭಾರತವೂ ಒಂದು. 2023ರಲ್ಲಿ ಹಾನಿಯನ್ನು ದಾಖಲಿಸುವ ನೋಂದಣಿ ಕಚೇರಿ ಹೇಗ್‌ನಲ್ಲಿ ತೆರೆಯಿತು. 2025ರ ಜೂನ್ 25ರಂದು ಉಕ್ರೇನ್ ಮತ್ತು ಯುರೋಪ್ ಮಂಡಳಿ ಆಕ್ರಮಣದ ಅಪರಾಧಕ್ಕಾಗಿ ವಿಶೇಷ ನ್ಯಾಯಮಂಡಳಿಯೊಂದರ ಒಪ್ಪಂದಕ್ಕೆ ಸಹಿ ಹಾಕಿದವು. ಇದೆಲ್ಲ ಯುರೋಪಿನ ಗಾಯಕ್ಕೆ ಮಾತ್ರವೇ, ಏಷ್ಯಾ ಆಫ್ರಿಕಾಗಳ ಗಾಯಕ್ಕೆ ಏಕಿಲ್ಲ ಎಂದು ಕೇಳುವ ಹಕ್ಕು ನಮಗಿದೆ. ಆದರೆ ಆ ಪ್ರಶ್ನೆಯನ್ನು ಸಭೆಯ ಒಳಗೆ ಕುಳಿತು ಕೇಳಿದರೆ ತೂಕ, ಹೊಸ್ತಿಲಾಚೆ ನಿಂತು ಕೇಳಿದರೆ ಗೊಣಗಾಟ.

ಕ್ಷಮೆಯ ವಿಷಯದಲ್ಲಿ ಪೋರ್ಚುಗಲ್ ಈಚಿನ ವರ್ಷಗಳಲ್ಲಿ ಒಂದು ಮಾದರಿಯನ್ನು ತೋರಿದೆ. ಮೊಜಾಂಬಿಕ್‌ನ ವಿರಿಯಾಮು ಎಂಬಲ್ಲಿ 1972ರಲ್ಲಿ ಪೋರ್ಚುಗೀಸ್ ಸೈನಿಕರು ನಡೆಸಿದ ಹತ್ಯಾಕಾಂಡಕ್ಕೆ ಅಂದಿನ ಪ್ರಧಾನಿ ಅಂಟೋನಿಯೊ ಕೋಸ್ತಾ 2022ರ ಸೆಪ್ಟೆಂಬರಿನಲ್ಲಿ ಬಹಿರಂಗವಾಗಿ ಕ್ಷಮೆ ಕೇಳಿದರು. ಅವರ ತಂದೆಯ ಮೂಲ ಗೋವಾ. ಐವತ್ತು ವರ್ಷಗಳ ಬಳಿಕವೂ ಕ್ಷಮೆ ತಡವಲ್ಲ ಎಂದಾದರೆ, 1955ರ ಆಗಸ್ಟ್ 15ರಂದು ಗೋವಾ ಗಡಿಯಲ್ಲಿ ಗುಂಡಿಗೆ ಬಲಿಯಾದ ನಿರಾಯುಧ ಸತ್ಯಾಗ್ರಹಿಗಳಿಗೂ ಅಂಜುದೀವದ ಮೀನುಗಾರನಿಗೂ ಅಂಥದೊಂದು ಮಾತನ್ನು ದೆಹಲಿ ಸೌಜನ್ಯದಿಂದಲೇ ಕೇಳಬಹುದು. ಕೇಳಿದರೆ ಸ್ನೇಹ ಕೆಡುವುದಿಲ್ಲ. ಕೇಳದೇ ಇದ್ದರೆ ನೆನಪು ಸಾಯುತ್ತದೆ.

ಆದರೆ ಕೇಳುವ ಮುನ್ನ ನಾವೂ ಎರಡು ವಿಷಯಗಳಲ್ಲಿ ಆತ್ಮಪರೀಕ್ಷೆ ಮಾಡಿಕೊಳ್ಳಬೇಕು. ಮೊದಲನೆಯದು, ಪ್ರಜೆಯ ಹಕ್ಕನ್ನು ಸರ್ಕಾರ ತನ್ನ ಔದಾರ್ಯಕ್ಕಾಗಿ ಬಿಟ್ಟುಕೊಡಬಹುದೇ ಎಂಬುದು. 1952ರ ಜೂನ್ 9ರಂದು ಜಪಾನಿನೊಡನೆ ಮಾಡಿಕೊಂಡ ಶಾಂತಿ ಒಪ್ಪಂದದಲ್ಲಿ ಭಾರತ ಯುದ್ಧಪರಿಹಾರದ ಎಲ್ಲ ಹಕ್ಕುಗಳನ್ನೂ ತ್ಯಜಿಸಿತು. ಮೊದಲ ಮಹಾಯುದ್ಧದ ಬಳಿಕ ಜರ್ಮನಿಯ ಮೇಲೆ ಹೇರಿದ 13,200 ಕೋಟಿ ಚಿನ್ನದ ಮಾರ್ಕುಗಳ ಹೊರೆ ಎಂಥ ವಿಷಬೀಜವಾಯಿತೆಂಬುದನ್ನು ಬಲ್ಲ ನೆಹರೂ ಸರ್ಕಾರದ ಆ ನಿಲುವು ರಾಜನೀತಿಯಾಗಿ ಉದಾತ್ತವಾದದ್ದೇ. ಆದರೆ ಅಂಡಮಾನಿನಲ್ಲಿ ಜಪಾನಿ ಸೈನಿಕರ ಚಿತ್ರಹಿಂಸೆಗೆ ಸಿಕ್ಕವರ, ಬರ್ಮಾ ರೈಲುಮಾರ್ಗದಲ್ಲಿ ಕೊಳೆತುಹೋದ ಭಾರತೀಯ ಕೂಲಿಗಳ ಹಕ್ಕೂ ಅದೇ ಸಾಲಿನೊಳಗೆ ಕರಗಿಹೋಯಿತು. ರಾಷ್ಟ್ರ ತನ್ನ ಪಾಲನ್ನು ಬಿಟ್ಟುಕೊಡಲಿ. ಪ್ರಜೆಯ ಪಾಲನ್ನು ಬಿಡುವುದಾದರೆ ಅದನ್ನು ತಾನೇ ತುಂಬಿಕೊಡಲಿ. ಉದಾರತೆಯ ಕೀರ್ತಿ ಒಬ್ಬರಿಗೆ, ಖರ್ಚು ಇನ್ನೊಬ್ಬರಿಗೆ ಎಂಬುದು ನ್ಯಾಯವಲ್ಲ.

ಎರಡನೆಯದು ನಮ್ಮ ಮನೆಯಂಗಳದ್ದೇ. ಅಂಜುದೀವದ ಸುತ್ತ ಇಂದು ನಿಂತಿರುವ ಸೀಬರ್ಡ್ ನೌಕಾನೆಲೆಗೆ 1986ರಲ್ಲಿ ಪ್ರಧಾನಿ ರಾಜೀವ್ ಗಾಂಧಿ ಶಂಕುಸ್ಥಾಪನೆ ಮಾಡಿದರು. 2005ರ ಮೇ 31ರಂದು ‘ಕದಂಬ’ ನೆಲೆ ಕಾರ್ಯಾರಂಭ ಮಾಡಿತು. ಇದಕ್ಕಾಗಿ ಕಾರವಾರ ಮತ್ತು ಅಂಕೋಲಾ ತಾಲ್ಲೂಕುಗಳಲ್ಲಿ 11 ಸಾವಿರಕ್ಕೂ ಹೆಚ್ಚು ಎಕರೆ ಪ್ರದೇಶವನ್ನು ಪಡೆಯಲಾಯಿತು, ಸಾವಿರಾರು ಕುಟುಂಬಗಳು ಊರು ಬಿಟ್ಟವು. ದೇಶದ ರಕ್ಷಣೆಗೆ ನೆಲೆ ಬೇಕಿತ್ತು ಎಂಬುದರ ಬಗ್ಗೆ ನನಗೆ ತಕರಾರಿಲ್ಲ. 1961 ಮತ್ತು 1971ರ ಬಳಿಕ ಅದನ್ನು ಅಲ್ಲಗಳೆಯುವವರು ವಿರಳ. ಆದರೆ ಗುಂಟೆ ಗುಂಟೆಯ ದರಕ್ಕಾಗಿ ಮೀನುಗಾರರೂ ಹಾಲಕ್ಕಿ ಒಕ್ಕಲಿಗರೂ ದಶಕಗಳ ಕಾಲ ನ್ಯಾಯಾಲಯದ ಮೆಟ್ಟಿಲು ಹತ್ತಬೇಕಾಯಿತು. ತಂದೆ ಹೂಡಿದ ದಾವೆಯ ಹಣವನ್ನು ಮೊಮ್ಮಗ ಎಣಿಸಿಕೊಂಡ ಮನೆಗಳನ್ನು ನಾನು ಬಲ್ಲೆ. ಕುವೈತಿನಿಂದ ಓಡಿಬಂದವನಿಗೆ ಜಿನೀವಾದ ಆಯೋಗ ವಕೀಲನಿಲ್ಲದೆ, ಒಂದೇ ಅರ್ಜಿಯ ಮೇಲೆ ಹಣ ಕೊಟ್ಟಿತು. ಅರಗಾ, ಚೆಂಡಿಯಾಗಳ ರೈತನಿಗೆ ಅವನದೇ ಸರ್ಕಾರ ಅಷ್ಟು ಸರಳವಾಗಿ ಕೊಡಲಾಗಲಿಲ್ಲ. ಪರಕೀಯ ಆಕ್ರಮಣವೂ ಸ್ವದೇಶೀ ಭೂಸ್ವಾಧೀನವೂ ಒಂದೇ ಎಂದು ನಾನು ಹೇಳುತ್ತಿಲ್ಲ. ಮೊದಲನೆಯದು ಅಪರಾಧ, ಎರಡನೆಯದು ಕಾನೂನುಬದ್ಧ ಅಧಿಕಾರ. ಆದರೆ ಕಳೆದುಕೊಂಡವನ ಹಟ್ಟಿಯಲ್ಲಿ ಕುಳಿತು ನೋಡಿದರೆ ಅಳತೆಗೋಲು ಒಂದೇ: ಹೋದದ್ದಕ್ಕೆ ಲೆಕ್ಕ ಬರೆದಿದ್ದಾರೆಯೇ, ಬರೆದದ್ದನ್ನು ಅವನ ಜೀವಿತಕಾಲದಲ್ಲಿ ಕೊಟ್ಟಿದ್ದಾರೆಯೇ?

ಆಗಬೇಕಾದದ್ದೇನು ಎಂಬುದು ಕಷ್ಟದ ಮಾತೇನಲ್ಲ. ಗಡಿಯಲ್ಲೂ ಕಡಲಿನಲ್ಲೂ ಪರದೇಶದ ಗುಂಡಿಗೆ, ಸೆರೆಗೆ, ಜಪ್ತಿಗೆ ಒಳಗಾದ ಪ್ರತಿಯೊಬ್ಬ ನಾಗರಿಕನ ಹಾನಿಯನ್ನು ದಾಖಲಿಸುವ ಕಾಯಂ ನೋಂದಣಿಯೊಂದನ್ನು ಭಾರತ ತಾನೇ ಆರಂಭಿಸಲಿ. ಪರಿಹಾರ ಹೊರಗಿನಿಂದ ಬರುವವರೆಗೆ ಬೊಕ್ಕಸದಿಂದ ಮುಂಗಡ ಕೊಡಲಿ, ಆಮೇಲೆ ತಪ್ಪಿತಸ್ಥ ರಾಷ್ಟ್ರದಿಂದ ವಸೂಲಿ ಮಾಡಿಕೊಳ್ಳಲಿ. ಮುಂದೆ ಯಾವುದೇ ಶಾಂತಿ ಒಪ್ಪಂದದಲ್ಲಿ ಪ್ರಜೆಗಳ ವೈಯಕ್ತಿಕ ಹಕ್ಕುಗಳನ್ನು ಸಂಸತ್ತಿನ ಚರ್ಚೆಯಿಲ್ಲದೆ ತ್ಯಜಿಸದಿರಲಿ. ಆಕ್ರಮಣದ ಅಪರಾಧದ ಬಗ್ಗೆ ನ್ಯಾಯಮೂರ್ತಿ ಪಾಲ್ ಎತ್ತಿದ ಪ್ರಶ್ನೆಯನ್ನು, ಅಂದರೆ ಗೆದ್ದವನಿಗೂ ಸೋತವನಿಗೂ ಒಂದೇ ಕಾನೂನು ಇರಬೇಕೆಂಬ ಆಗ್ರಹವನ್ನು, ಹೊರಗುಳಿಯುವ ನೆಪವಾಗಿ ಬಳಸದೆ ಒಳಗೆ ಹೋಗುವ ಷರತ್ತಾಗಿ ಮುಂದಿಡಲಿ.

ಎರಡು ಕೋಣಗಳ ಜಗಳದಲ್ಲಿ ಗಿಡಕ್ಕೆ ಸಾವು ಎಂಬ ನಮ್ಮ ಹಳೆಯ ಗಾದೆ ಯುದ್ಧದ ಪೂರ್ಣ ಸತ್ಯವನ್ನು ಹೇಳುತ್ತದೆ. ಅಂತರರಾಷ್ಟ್ರೀಯ ಕಾನೂನು ಎರಡು ಶತಮಾನಗಳ ಕಾಲ ಕೋಣಗಳ ನಡುವಿನ ರಾಜಿಯನ್ನೇ ಶಾಂತಿಯೆಂದು ಕರೆಯಿತು. ಗಿಡಕ್ಕೂ ಅಹವಾಲು ಹೇಳಿಕೊಳ್ಳಲು ಒಂದು ಕಚೇರಿಯಿರಬೇಕು ಎಂಬ ವಿಚಾರ ಈಗಷ್ಟೇ ಬೇರು ಬಿಡುತ್ತಿದೆ. ಮುಟ್ಟುಗೋಲಾದ ಗದ್ದೆಯನ್ನು ಮರಳಿ ಪಡೆದ ಅಂಕೋಲೆಗೂ, ಗುಂಡಿನ ಲೆಕ್ಕವನ್ನು ಇನ್ನೂ ಪಡೆಯದ ಕಾರವಾರದ ಕಡಲಿಗೂ ಆ ಬೇರಿಗೆ ನೀರೆರೆಯುವ ಹಕ್ಕು ಉಳಿದವರಿಗಿಂತ ಒಂದು ಹಿಡಿ ಹೆಚ್ಚೇ ಇದೆ.